ಕೆಂಪು ಬಂದರೆ ನೀಲಿ ಒತ್ತಿ ಎಂದವನು ನಾನೇ: ನಮ್ಮ ಸಹಕಾರಿ ಸಂಘದ ಆಡಳಿತ ಮಂಡಳಿಗೆ ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರೇ, ಆಡಳಿತ ಮಂಡಳಿಯ ನಿರ್ದೇಶಕರೇ,

ನಮಸ್ಕಾರ.

ನಾನು ತಮ್ಮ ಸಂಘದ ಸದಸ್ಯ. ಅಪ್ಪ ತೆಗೆದಿಟ್ಟ ಷೇರು ಅವರ ಕಾಲದ ನಂತರ ನನ್ನ ಹೆಸರಿಗೆ ಬಂತು. ತಾವು ನನ್ನನ್ನು ಹೆಚ್ಚು ನೋಡಿರುವುದು ಮಾತ್ರ ಇನ್ನೊಂದು ವೇಷದಲ್ಲಿ. ಮಂಗಳೂರಿನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುವವನು ನಾನು. ಪ್ರಿಂಟರ್ ಹಾಳಾದರೂ ಫೋನ್ ನನಗೇ, ಬಡ್ಡಿ ಲೆಕ್ಕ ತಪ್ಪಿದರೂ ಫೋನ್ ನನಗೇ. ಕಳೆದ ಏಪ್ರಿಲ್‌ನಲ್ಲಿ ಪಿಗ್ಮಿ, ಅಂದರೆ ದಿನದಿನವೂ ಮನೆ, ಅಂಗಡಿಗೆ ಹೋಗಿ ತೆಗೆದುಕೊಳ್ಳುವ ಸಣ್ಣ ಉಳಿತಾಯ, ಅದರ ಸಂಗ್ರಹಕ್ಕೆ ಮೊಬೈಲ್ ಆ್ಯಪ್ ಹಾಕಿಕೊಟ್ಟವನೂ ನಾನೇ.

ಸಂಘದ ಹೆಸರು ಇಲ್ಲಿ ಬರೆಯುವುದಿಲ್ಲ. ಉಡುಪಿ ಜಿಲ್ಲೆಯಲ್ಲಿ, ಘಟ್ಟದ ಬುಡದ ಒಂದು ಊರು ಅಂದರೆ ಸಾಕು. ಮರ್ಯಾದೆ ತೆಗೆಯುವುದು ನನ್ನ ಉದ್ದೇಶ ಅಲ್ಲ. ಪಿಗ್ಮಿ ಸಂಗ್ರಹಿಸುವ ಒಬ್ಬ ಅಕ್ಕ ಆ್ಯಪ್ ಮಾಡಿದ ತಪ್ಪಿಗೆ ತಮ್ಮ ಕೈಯಿಂದ ದುಡ್ಡು ಕಟ್ಟಿದ ಬಗ್ಗೆ ಜುಲೈಯಲ್ಲಿ ಮ್ಯಾನೇಜರರಿಗೆ ಒಂದು ಪತ್ರ ಕೊಟ್ಟೆ, ಆಗಸ್ಟ್‌ನಲ್ಲಿ ತಮಗೇ ಒಂದು ಪತ್ರ ಬರೆದೆ. ಉತ್ತರ ಎರಡು ಸಾಲು ಬಂತು: ‘ಸಂಗ್ರಾಹಕರ ನಿರ್ಲಕ್ಷ್ಯದಿಂದ ಆದ ವ್ಯತ್ಯಾಸ. ಕಡತ ಮುಕ್ತಾಯಗೊಳಿಸಲಾಗಿದೆ.’ ಕಡತ ಮುಗಿದಿರಬಹುದು. ವಿಷಯ ಮುಗಿದಿಲ್ಲ. ಅದಕ್ಕೇ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ಜುಲೈ ಮೊದಲ ವಾರ ಕೌಂಟರಿನ ಪ್ರಿಂಟರ್ ಸರಿ ಮಾಡಲು ಬಂದಿದ್ದೆ. ಸಂಜೆ ಆಗಿತ್ತು, ಹೊರಗೆ ಜೋರು ಮಳೆ. ಪಿಗ್ಮಿ ಸಂಗ್ರಹಿಸುವ ಒಬ್ಬ ಅಕ್ಕ ಕ್ಯಾಶ್ ಕೌಂಟರಿನ ಹತ್ತಿರ ನಿಂತು ನೋಟು ಎಣಿಸುತ್ತಿದ್ದರು. ಸಂಘದ ದುಡ್ಡಿನ ಚೀಲದಿಂದಲ್ಲ, ತಮ್ಮ ಸ್ವಂತ ಪರ್ಸಿನಿಂದ. ಎಂತ ಅಕ್ಕ ಅಂತ ಕೇಳಿದೆ. “ಕಳೆದ ತಿಂಗಳು ಶಾರ್ಟ್ ಬಂದಿದೆ ಮಾರಾಯ್ರೇ. ಜೂನ್‌ದು 4,350. ನಾನೇ ಎಲ್ಲೋ ಬೀಳಿಸಿದ್ದೇನೋ, ಯಾರಿಗೋ ಚಿಲ್ಲರೆ ಜಾಸ್ತಿ ಕೊಟ್ಟಿದ್ದೇನೋ, ಗೊತ್ತಾಗುದಿಲ್ಲ” ಅಂದರು. ಶಾರ್ಟ್ ಅಂದರೆ ಆ್ಯಪ್ ಲೆಕ್ಕಕ್ಕಿಂತ ಕೈಯಲ್ಲಿರುವ ನಗದು ಕಡಿಮೆ.

ಆ ಅಕ್ಕ 19 ವರ್ಷದಿಂದ ಈ ಕೆಲಸ ಮಾಡುತ್ತಿದ್ದಾರೆ. ಇಷ್ಟು ವರ್ಷದಲ್ಲಿ ಶಾರ್ಟ್ ಬಂದದ್ದು ಎರಡೇ ಸಲ, ಎರಡೂ ನೂರು ರೂಪಾಯಿ ಒಳಗೆ. ಇದನ್ನು ಹೇಳಿದ್ದು ತಮ್ಮದೇ ಕ್ಯಾಶಿಯರ್. ಒಂದೇ ತಿಂಗಳಲ್ಲಿ 4,350 ಹೋಗಿದೆ ಅಂದರೆ ಯಾರಿಗಾದರೂ ಅನುಮಾನ ಬರಬೇಕು ಅಲ್ವಾ? ನನಗೆ ಬಂತು. ಆದರೆ ಅನುಮಾನ ಬಂದದ್ದು ಅಕ್ಕನ ಮೇಲಲ್ಲ, ನಾನು ಹಾಕಿಕೊಟ್ಟ ಆ್ಯಪ್ ಮೇಲೆ.

ಸರ್ವರಿನ ಲಾಗ್, ಅಂದರೆ ಯಾವ ಜಮೆ ಯಾವಾಗ ಬಂತು ಅಂತ ಲೆಕ್ಕದ ಕಂಪ್ಯೂಟರ್ ತಾನೇ ಬರೆದಿಡುವ ದಾಖಲೆ, ತೆಗೆದು ನೋಡಿದೆ. ಜೂನ್ ತಿಂಗಳಲ್ಲಿ 38 ಕಡೆ ಒಂದೇ ಖಾತೆಗೆ, ಒಂದೇ ಮೊತ್ತ, ಒಂದೇ ಫೋನಿನಿಂದ, ಎರಡೆರಡು ಸಲ ಜಮಾ ಆಗಿತ್ತು. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಇದ್ದದ್ದು ಹೆಚ್ಚೆಂದರೆ ಒಂದೂವರೆ ನಿಮಿಷ. ಆ 38ನ್ನು ಕೂಡಿಸಿದರೆ ಸರಿಯಾಗಿ 4,350 ರೂಪಾಯಿ. ಒಂದು ರೂಪಾಯಿ ಹೆಚ್ಚಿಲ್ಲ, ಕಡಿಮೆ ಇಲ್ಲ.

ಇದು ಹೇಗಾಯಿತು ಅಂತ ತಮಗೆ ಅರ್ಥವಾಗುವ ಹಾಗೆ ಹೇಳಲೇಬೇಕು. ಇಡೀ ವಿಷಯ ನಿಂತಿರುವುದು ಇದರ ಮೇಲೆ. ಅಕ್ಕ ಹೂವಿನ ಅಂಗಡಿಯಲ್ಲಿ 100 ರೂಪಾಯಿ ತೆಗೆದುಕೊಂಡು ಆ್ಯಪ್‌ನಲ್ಲಿ ಹಾಕುತ್ತಾರೆ. ಮೊತ್ತ ಸರ್ವರಿಗೆ ಹೋಗಿ ಖಾತೆಗೆ ಜಮಾ ಆಗುತ್ತದೆ. ‘ಬಂತು’ ಎಂಬ ಉತ್ತರ ಫೋನಿಗೆ ವಾಪಸ್ ಬರಬೇಕು. ಅಷ್ಟರಲ್ಲಿ ನೆಟ್‌ವರ್ಕ್ ಹೋಗುತ್ತದೆ. ಫೋನಿಗೆ ಉತ್ತರ ಸಿಗಲಿಲ್ಲ, ಹಾಗಾಗಿ ಅದು ಕೆಂಪು ಅಕ್ಷರದಲ್ಲಿ ‘ಟ್ರಾನ್ಸಾಕ್ಷನ್ ಫೇಲ್ಡ್’ ಅನ್ನುತ್ತದೆ. ಕೆಳಗೆ ‘ರಿಟ್ರೈ’, ಅಂದರೆ ಮತ್ತೆ ಪ್ರಯತ್ನಿಸಿ, ಎಂಬ ನೀಲಿ ಬಟನ್. ಒತ್ತಿದರೆ ಅದೇ 100 ರೂಪಾಯಿ ಹೊಸ ರಶೀದಿ ನಂಬರಿನಲ್ಲಿ ಇನ್ನೊಮ್ಮೆ ಹೋಗುತ್ತದೆ. ಸರ್ವರ್ ಪಾಪ, ಇದು ಬೇರೆಯೇ 100 ಅಂದುಕೊಂಡು ಮತ್ತೆ ಜಮಾ ಮಾಡುತ್ತದೆ. ಕೈಯಲ್ಲಿ ಇರುವುದು 100, ಲೆಕ್ಕದಲ್ಲಿ 200. ಸಂಜೆ ಶಾರ್ಟ್.

ಇದಕ್ಕೆ ಮದ್ದು ದೊಡ್ಡದೇನಲ್ಲ. ಪ್ರತಿ ರಶೀದಿಗೆ ಫೋನಿನಲ್ಲೇ ಒಂದು ನಂಬರ್ ಕೊಟ್ಟು, ಎಷ್ಟು ಸಲ ಕಳಿಸಿದರೂ ಅದೇ ನಂಬರಿನಲ್ಲಿ ಕಳಿಸಬೇಕು. ಒಮ್ಮೆ ಬಂದ ನಂಬರ್ ಮತ್ತೆ ಬಂದರೆ ಸರ್ವರ್ ಜಮಾ ಮಾಡಬಾರದು. ಹಣದ ವ್ಯವಹಾರದ ಸಾಫ್ಟ್‌ವೇರ್ ಬರೆಯುವವರಿಗೆ ಇದು ಮಗ್ಗಿ ಇದ್ದ ಹಾಗೆ. ನಮ್ಮ ಕಂಪನಿ ಇದನ್ನು ಮಾಡಿರಲಿಲ್ಲ. ಪರೀಕ್ಷೆ ಮಾಡಿದ್ದು ಮಂಗಳೂರಿನ ಆಫೀಸಿನಲ್ಲಿ, ವೈಫೈ ಕೆಳಗೆ, ಏಸಿಯಲ್ಲಿ ಕುಳಿತು. ಅಲ್ಲಿ ಉತ್ತರ ಬಾರದೆ ಇರುವ ಪ್ರಶ್ನೆಯೇ ಇಲ್ಲ. ಕಾರ್ಕಳ, ಹೆಬ್ರಿ ಕಡೆಯ ಜೂನ್ ಮಳೆ ನೋಡಿದವರಿಗೆ ಗೊತ್ತು, ಕರೆಂಟ್ ಹೋದರೆ ಸ್ವಲ್ಪ ಹೊತ್ತಿನಲ್ಲಿ ಟವರೂ ಹೋಗುತ್ತದೆ.

ಈಗ ತಾವು ಹೇಳಿದ ‘ನಿರ್ಲಕ್ಷ್ಯ’ಕ್ಕೆ ಬರುತ್ತೇನೆ.

ಮಾರ್ಚ್ ಕೊನೆಯ ಭಾನುವಾರ ಮಧ್ಯಾಹ್ನ ಸಂಘದ ಮಹಡಿಯಲ್ಲಿ 11 ಮಂದಿ ಸಂಗ್ರಾಹಕರಿಗೆ ತರಬೇತಿ ಕೊಟ್ಟೆ. ಒಟ್ಟು 40 ನಿಮಿಷ. ಅವರಲ್ಲಿ ಏಳು ಮಂದಿ ಹೆಂಗಸರು, ಇಬ್ಬರು ಮನೆಯಲ್ಲಿ ಅಡುಗೆ ಅರ್ಧಕ್ಕೆ ಬಿಟ್ಟು ಬಂದಿದ್ದರು. ಆ್ಯಪ್ ಪೂರ್ತಿ ಇಂಗ್ಲಿಷಿನಲ್ಲಿತ್ತು. ಈ ಅಕ್ಕ ಏಳನೇ ಕ್ಲಾಸು ಕನ್ನಡ ಶಾಲೆಯಲ್ಲಿ ಓದಿದವರು. “ಇದರಲ್ಲಿ ಕೆಂಪು ಬಂದ್ರೆ ಎಂತ ಮಾಡುದು?” ಅಂತ ಅವರೇ ಕೇಳಿದರು. ಪದ ಓದಿ ಅರ್ಥ ಹೇಳುವಷ್ಟು ವ್ಯವಧಾನ ನನಗಿರಲಿಲ್ಲ, ಸಂಜೆ ಬಸ್ಸು ಹಿಡಿಯಬೇಕಿತ್ತು. ಬೋರ್ಡಿನ ಮೇಲೆ ಬರೆದು ಹೇಳಿದೆ: ಕೆಂಪು ಬಂದರೆ ಕೆಳಗಿನ ನೀಲಿ ಒತ್ತಿ. ಅಕ್ಕ ಅದನ್ನು ತಮ್ಮ ಸಣ್ಣ ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಂಡರು. ಆ ಪುಟ ಈಗಲೂ ಉಂಟು, ನಾನು ನೋಡಿದ್ದೇನೆ.

ಜೂನ್‌ನಲ್ಲಿ 38 ಸಲ ಅವರು ಮಾಡಿದ್ದು ಅಷ್ಟೇ. ನಾನು ಹೇಳಿಕೊಟ್ಟದ್ದನ್ನು ಒಂದಕ್ಷರ ತಪ್ಪದೆ ಮಾಡಿದ್ದಾರೆ. ಅದಕ್ಕೆ ತಾವು ಇಟ್ಟ ಹೆಸರು ನಿರ್ಲಕ್ಷ್ಯ. ನಿರ್ಲಕ್ಷ್ಯ ಅಂತ ಬರೆಯಲೇಬೇಕಾದರೆ ಅದರ ಎದುರು ನನ್ನ ಹೆಸರು ಬರೆಯಿರಿ. ತರಬೇತಿ ಮುಗಿದ ಮೇಲೆ ‘ಕೆಲಸ ತೃಪ್ತಿಕರವಾಗಿ ಪೂರ್ಣಗೊಂಡಿದೆ’ ಎಂಬ ಕಾಗದಕ್ಕೆ ಸಹಿ ಹಾಕಿದವನೂ ನಾನೇ.

ಇನ್ನೊಂದು ಮಾತು ಇಲ್ಲಿ ಹೇಳದಿದ್ದರೆ ಆಗುವುದಿಲ್ಲ. ಎರಡು ಸಲ ಜಮಾ ಆದದ್ದು ಕೆಲವು ಗ್ರಾಹಕರಿಗೆ ಗೊತ್ತಾಗಿತ್ತು. ಹೂವಿನಂಗಡಿಯವರು ಪಾಸ್‌ಬುಕ್ ನೋಡಿ, “ಅಕ್ಕ, ನಂದು ಎರಡು ಸಲ ಬಿದ್ದಿದೆ. ಇವತ್ತಿನ ದುಡ್ಡು ನೀವೇ ಇಟ್ಕೊಳ್ಳಿ, ಮಿಷನ್‌ಗೆ ಹಾಕ್ಬೇಡಿ, ಸರಿ ಹೋಗ್ತದೆ” ಅಂದರಂತೆ. ಲೆಕ್ಕದಲ್ಲಿ ಅದು ಸರಿಯೇ. ಅಕ್ಕ ಒಪ್ಪಲಿಲ್ಲ. ದುಡ್ಡು ತೆಗೆದುಕೊಂಡು ರಶೀದಿ ಹಾಕದೆ ಇರುವುದನ್ನೇ ಅಲ್ವಾ ಕಳ್ಳತನ ಅನ್ನುವುದು ಅಂದರು. ಆ ದುಡ್ಡನ್ನೂ ಜಮಾ ಮಾಡಿದರು. ಸಂಜೆ ತಮ್ಮ ಪರ್ಸಿನಿಂದ ಶಾರ್ಟ್ ಕಟ್ಟಿದರು. ಆ ತಿಂಗಳು ಅವರಿಗೆ ಬಂದ ಕಮಿಷನ್ 6,300 ರೂಪಾಯಿ. ಕೈಯಲ್ಲಿ ಉಳಿದದ್ದು 1,950.

ನಾನು ಮಿಷನ್ ವಿರೋಧಿ ಅಲ್ಲ. ಅದರಿಂದಲೇ ಅನ್ನ ತಿಂದವನು. 1999ರಲ್ಲಿ ನಾನು ಕೆಲಸಕ್ಕೆ ಸೇರಿದಾಗ ಊರೆಲ್ಲ ವೈ2ಕೆ ಗಲಾಟೆ, 2000ನೇ ಇಸವಿ ಬಂದರೆ ಕಂಪ್ಯೂಟರುಗಳ ದಿನಾಂಕ ತಪ್ಪುತ್ತದೆ ಅಂತ. ಆಗ ನಾನು ಹೋಗುತ್ತಿದ್ದ ಸಂಘಗಳಲ್ಲಿ ಹೆಚ್ಚಿನ ಕಡೆ ಲೆಡ್ಜರುಗಳೇ ಇದ್ದವು. ಮಾರ್ಚ್ 31ರ ರಾತ್ರಿ ಅಂದರೆ ಇಡೀ ಸಿಬ್ಬಂದಿ ಅಲ್ಲೇ. ಗೋಳಿಬಜೆ ಬರುತ್ತಿತ್ತು, ಚಹಾ ಬರುತ್ತಿತ್ತು, ಬಡ್ಡಿ ಲೆಕ್ಕ ಮಾತ್ರ ಟ್ಯಾಲಿ ಆಗುತ್ತಿರಲಿಲ್ಲ. ನಾಲ್ಕು ಪೈಸೆ ವ್ಯತ್ಯಾಸ ಹುಡುಕಲು ಮೂರು ದಿನ ಕಳೆದವರನ್ನು ನೋಡಿದ್ದೇನೆ. ಅದೇ ಕೆಲಸವನ್ನು ಕಂಪ್ಯೂಟರ್ ಕೆಲವು ನಿಮಿಷದಲ್ಲಿ ಮುಗಿಸಿದಾಗ ಒಬ್ಬ ಹಿರಿಯ ಕ್ಲರ್ಕ್ ನನ್ನ ಕೈ ಹಿಡಿದುಕೊಂಡು ಮಾತೇ ಆಡಲಿಲ್ಲ. ಆ ಖುಷಿ ಸುಳ್ಳಲ್ಲ.

ಪಿಗ್ಮಿಗೂ ಮೊದಲು ಒಂದು ಒಳ್ಳೆಯ ಮಿಷನ್ ಇತ್ತು. ಅಂಗೈ ಅಗಲದ ಕಪ್ಪು ಪೆಟ್ಟಿಗೆ. ಬೆಳಿಗ್ಗೆ ಸಂಘದಲ್ಲಿ ವಯರ್ ಸಿಕ್ಕಿಸಿ ಖಾತೆಗಳನ್ನು ತುಂಬುವುದು, ಸಂಜೆ ಬಂದು ವಾಪಸ್ ಇಳಿಸುವುದು. ನಡುವೆ ನೆಟ್‌ವರ್ಕಿನ ಹಂಗೇ ಇಲ್ಲ. ಒತ್ತುವ ಗುಂಡಿಗಳಿದ್ದವು. ಒಂದು ಕೈಯಲ್ಲಿ ಕೊಡೆ ಹಿಡಿದುಕೊಂಡೇ ಇನ್ನೊಂದು ಕೈಯ ಹೆಬ್ಬೆರಳಿನಲ್ಲಿ, ನೋಡದೆ ಒತ್ತುತ್ತಿದ್ದರು. ಫೋನಿನ ಗಾಜಿನ ಮೇಲೆ ಒಂದು ಹನಿ ನೀರು ಬಿದ್ದರೂ ಬೆರಳು ಕೇಳುವುದಿಲ್ಲ. ಮಳೆಗಾಲದಲ್ಲಿ ಬೀದಿ ಸುತ್ತುವ ಒಬ್ಬರನ್ನು ಮೊದಲೇ ಕೇಳಿದ್ದರೆ ಇದನ್ನು ಅರ್ಧ ನಿಮಿಷದಲ್ಲಿ ಹೇಳುತ್ತಿದ್ದರು. ಕೇಳಲಿಲ್ಲ. ಹೋಟೆಲಿನ ಹಾಲ್‌ನಲ್ಲಿ ಸ್ಲೈಡ್ ತೋರಿಸಿ ಆ್ಯಪ್ ಮಾರಿದೆವು, ತಾವು ಕೊಂಡಿರಿ. ಆ ದಿನ ಅಲ್ಲಿ ನಿರ್ದೇಶಕರಿದ್ದರು, ಮ್ಯಾನೇಜರ್ ಇದ್ದರು, ನಮ್ಮ ಕಡೆಯಿಂದ ನಾಲ್ಕು ಜನ ಇದ್ದೆವು. ಪಿಗ್ಮಿ ಸಂಗ್ರಾಹಕರು ಒಬ್ಬರೂ ಇರಲಿಲ್ಲ. ಊಟ ಚೆನ್ನಾಗಿತ್ತು.

ಪಿಗ್ಮಿ ಹುಟ್ಟಿದ್ದೇ ನಮ್ಮ ಉಡುಪಿಯಲ್ಲಿ. 1925ರಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಬ್ಯಾಂಕ್ ಶುರು ಮಾಡಿದ್ದು ಕೈಮಗ್ಗದ ನೇಕಾರರ ಕಷ್ಟ ನೋಡಿ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂಬ ಹೆಸರು ಪಡೆದದ್ದು ಅದೇ. 1928ರಲ್ಲಿ ಅವರು ಪಿಗ್ಮಿ ತಂದರು. ದಿನಕ್ಕೆ ಎರಡಾಣೆ ಇದ್ದರೂ ಸಾಕು, ಬ್ಯಾಂಕಿನ ಜನ ಮನೆ ಬಾಗಿಲಿಗೇ ಬಂದು ತೆಗೆದುಕೊಂಡು ಹೋಗುತ್ತಿದ್ದರು. 2020ರ ಏಪ್ರಿಲ್ 1ಕ್ಕೆ ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಪಿಗ್ಮಿ ಎಂಬ ಮಾತು ಮಾತ್ರ ಉಳಿಯಿತು, ಊರೂರಿನ ಸಂಘಗಳು ಅದನ್ನು ನಡೆಸಿಕೊಂಡು ಬಂದವು. ಇದರ ಬೇರು ಇರುವುದು ಮನೆ ಬಾಗಿಲಿಗೆ ಬರುವ ಆ ಮನುಷ್ಯನ ಮೇಲಿನ ನಂಬಿಕೆಯಲ್ಲಿ. ಕ್ಷೌರದಂಗಡಿಯವರು ಕೊಡುವ 50 ರೂಪಾಯಿ, ಮೀನಿನವರು ಕೊಡುವ 200, ಇದೆಲ್ಲ ಸಂಘದ ಕಟ್ಟಡ ನೋಡಿ ಕೊಟ್ಟದ್ದಲ್ಲ. ಅಕ್ಕನ ಮುಖ ನೋಡಿ ಕೊಟ್ಟದ್ದು.

“ಮಿಷನ್ ಸುಳ್ಳು ಹೇಳ್ತದಾ?” ಅಂತ ಅಕ್ಕ ನನ್ನನ್ನೇ ಕೇಳಿದರು. ಲಾಗ್ ತೋರಿಸಿದ ಮೇಲೂ ಅವರಿಗೆ ನಂಬಲು ಕಷ್ಟವಾಯಿತು. ತಮ್ಮ ಉತ್ತರದಲ್ಲೂ ಇದೇ ಪ್ರಶ್ನೆ ಬೇರೆ ರೂಪದಲ್ಲಿತ್ತು. ಹೌದು, ಹೇಳುತ್ತದೆ. ಮಿಷನ್ ಹೇಳಿದ ಸುಳ್ಳಿಗೆ ಜನ ಜೈಲಿಗೆ ಹೋದದ್ದೂ ಉಂಟು.

ಬ್ರಿಟನ್ನಿನ ಪೋಸ್ಟ್ ಆಫೀಸುಗಳಿಗೆ 1999ರಲ್ಲಿ ಹೊರೈಜನ್ ಎಂಬ ಕಂಪ್ಯೂಟರ್ ವ್ಯವಸ್ಥೆ ಬಂತು. ಮಾಡಿಕೊಟ್ಟದ್ದು ಫುಜಿತ್ಸು ಕಂಪನಿ. ಅಲ್ಲಿ ಊರಿನ ಸಣ್ಣ ಅಂಚೆ ಕಚೇರಿ ನಡೆಸುವವರು ಸಂಬಳದ ನೌಕರರಲ್ಲ, ಒಪ್ಪಂದದವರು. ಹೆಚ್ಚುಕಡಿಮೆ ನಮ್ಮ ಪಿಗ್ಮಿಯವರ ಹಾಗೆಯೇ. ಕಂಪ್ಯೂಟರ್ ಶಾರ್ಟ್ ತೋರಿಸಿದರೆ ಕೈಯಿಂದ ಕಟ್ಟಬೇಕು. ಕಟ್ಟಿದರು, ಸಾಲ ಮಾಡಿದರು, ಮನೆ ಕಳೆದುಕೊಂಡರು. ಸಹಾಯ ಕೇಳಿ ಫೋನ್ ಮಾಡಿದ ಅನೇಕರಿಗೆ ಸಿಕ್ಕ ಉತ್ತರ, ‘ಈ ತೊಂದರೆ ನಿಮಗೊಬ್ಬರಿಗೇ.’ 2015ರ ತನಕ 900ಕ್ಕೂ ಹೆಚ್ಚು ಮಂದಿ ಕಳ್ಳತನ, ಸುಳ್ಳು ಲೆಕ್ಕದ ಅಪರಾಧಿಗಳಾದರು. ವ್ಯವಸ್ಥೆಯಲ್ಲೇ ದೋಷ ಇತ್ತು ಅಂತ ಹೈಕೋರ್ಟ್ ಹೇಳಿದ್ದು 2019ರ ಡಿಸೆಂಬರಿನಲ್ಲಿ. ಕೊನೆಗೆ 2024ರ ಮೇಯಲ್ಲಿ ಅಲ್ಲಿನ ಸಂಸತ್ತೇ ಕಾನೂನು ಮಾಡಿ ಶಿಕ್ಷೆಗಳನ್ನು ರದ್ದು ಮಾಡಬೇಕಾಯಿತು. ಆ ಹೊತ್ತಿಗೆ ಎಷ್ಟೋ ಮಂದಿ ಬದುಕಿರಲಿಲ್ಲ.

ನಮ್ಮದು 4,350 ರೂಪಾಯಿಯ ವಿಷಯ, ಅದಕ್ಕೂ ಇದಕ್ಕೂ ಎಲ್ಲಿಯ ಹೋಲಿಕೆ ಅನ್ನಬಹುದು. ಮೊತ್ತದಲ್ಲಿ ಹೋಲಿಕೆ ಇಲ್ಲ, ಒಪ್ಪುತ್ತೇನೆ. ತಮ್ಮ ಎರಡು ಸಾಲಿನ ಉತ್ತರ ಓದಿದಾಗ ನನಗೆ ನೆನಪಾದದ್ದು ಅದೇ, ಏನು ಮಾಡಲಿ.

ಈಗ ಕೇಳಿಕೊಳ್ಳುವುದು.

ಮೊದಲು ಆ 4,350 ರೂಪಾಯಿ ಅಕ್ಕನಿಗೆ ವಾಪಸ್ ಕೊಡಿ. ಆ ಹಣ ಎಲ್ಲೂ ಹೋಗಿಲ್ಲ, 38 ಜಮೆಗಳಾಗಿ ಗ್ರಾಹಕರ ಖಾತೆಗಳಲ್ಲೇ ಕೂತಿದೆ. ಅವರಿಗೆ ತಿಳಿಸಿ, ಒಪ್ಪಿಗೆ ಪಡೆದು, ಹೆಚ್ಚಿಗೆ ಬಿದ್ದದ್ದನ್ನು ರಿವರ್ಸ್ ಮಾಡಬಹುದು. ಯಾರೂ ಬೇಡ ಅನ್ನುವುದಿಲ್ಲ, ನಾನು ಆರು ಮಂದಿಯನ್ನು ಕೇಳಿ ನೋಡಿದ್ದೇನೆ. ಜೊತೆಗೆ ಉಳಿದ ಹತ್ತು ಸಂಗ್ರಾಹಕರ ಲೆಕ್ಕವನ್ನೂ ಏಪ್ರಿಲ್‌ನಿಂದ ತೆಗೆದು ನೋಡಬೇಕು. ಅವರಲ್ಲಿ ಕೆಲವರು ಸುಮ್ನೆ ಕಟ್ಟಿ ಕೂತಿದ್ದಾರೆ ಅಂತ ನನ್ನ ಅನುಮಾನ. ಶಾರ್ಟ್ ಬಂತು ಅಂತ ಬಾಯಿ ಬಿಟ್ಟರೆ ಹೆಸರು ಕೆಡುತ್ತದೆ ಎಂಬ ಹೆದರಿಕೆ ಎಲ್ಲರಿಗೂ ಉಂಟು.

ಎರಡನೆಯದು ಒಂದು ನಿಯಮ. ಇನ್ನು ಮುಂದೆ ಆ್ಯಪ್ ಲೆಕ್ಕಕ್ಕೂ ಕೈಯಲ್ಲಿರುವ ನಗದಿಗೂ ವ್ಯತ್ಯಾಸ ಬಂದರೆ, ಲಾಗ್ ನೋಡದೆ ಯಾರಿಂದಲೂ ಒಂದು ರೂಪಾಯಿ ಕಟ್ಟಿಸಿಕೊಳ್ಳಬಾರದು. ತಪ್ಪು ಮಾಡಿಲ್ಲ ಅಂತ ತೋರಿಸುವ ಹೊರೆ ಅಕ್ಕನ ಮೇಲೆ ಬೀಳಬಾರದು, ಯಾಕೆಂದರೆ ಲಾಗ್ ಇರುವುದು ಅವರ ಕೈಯಲ್ಲಿ ಅಲ್ಲ. 2017ರ ಜುಲೈಯಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆ ತಮಗೆ ಗೊತ್ತಿರಬಹುದು. ಬ್ಯಾಂಕಿನ ಕಡೆಯ ತಪ್ಪಿನಿಂದ ಗ್ರಾಹಕನ ಖಾತೆಯಲ್ಲಿ ಅವನು ಮಾಡದ ಎಲೆಕ್ಟ್ರಾನಿಕ್ ವ್ಯವಹಾರ ಆದರೆ, ನಷ್ಟ ಗ್ರಾಹಕನದ್ದಲ್ಲ ಅಂತ ಅದರಲ್ಲಿ ಇದೆ. ಅದು ಬ್ಯಾಂಕುಗಳಿಗೆ, ನಮ್ಮಂಥ ಸಂಘಕ್ಕಲ್ಲ, ಗೊತ್ತು. ಅದು ಗ್ರಾಹಕರ ಬಗ್ಗೆ, ಸಂಗ್ರಾಹಕರ ಬಗ್ಗೆ ಅಲ್ಲ, ಅದೂ ಗೊತ್ತು. ಮಿಷನ್ ಯಾರದ್ದೋ, ಅದರ ತಪ್ಪಿನ ಹೊಣೆಯೂ ಅವರದ್ದೇ ಎಂಬ ನ್ಯಾಯ ಮಾತ್ರ ಎರಡೂ ಕಡೆ ಒಂದೇ ಅಲ್ವಾ? ತಮ್ಮದೇ ಸಭೆಯಲ್ಲಿ ಒಂದು ಠರಾವು ಮಾಡಿದರೆ ಸಾಕು.

ಆ್ಯಪ್ ಕನ್ನಡಕ್ಕೆ ಬರಲಿ. ಇದನ್ನು ತಮಗಿಂತ ಹೆಚ್ಚು ನಮ್ಮ ಕಂಪನಿಗೆ, ನಮ್ಮ ದಂಧೆಯವರಿಗೆ ಹೇಳಬೇಕು. ಕನ್ನಡವನ್ನು ಕಂಪ್ಯೂಟರಿನಲ್ಲಿ ಸುಲಭವಾಗಿ ಬೆರಳಚ್ಚು ಮಾಡುವ ಕೀಲಿಮಣೆ ವಿನ್ಯಾಸ ಕೊಟ್ಟ ಕೆ.ಪಿ. ರಾವ್ ಅವರು ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರು. ಅವರ ಊರಿನಿಂದ ಬಸ್ಸಿನ ದೂರದಲ್ಲಿ ಕುಳಿತು ನಾವು ‘ರಿಟ್ರೈ’ ಅಂತ ಬರೆಯುತ್ತೇವೆ. ‘ಹಣ ಹೋಗಿರಬಹುದು. ಮತ್ತೆ ಒತ್ತಬೇಡಿ. ಸಂಜೆ ಸಂಘದಲ್ಲಿ ನೋಡಿ’ ಅಂತ ಕನ್ನಡದಲ್ಲಿ ಹಾಕಿದ್ದರೆ ಈ ಪತ್ರವೇ ಬೇಕಿರಲಿಲ್ಲ. ನಮ್ಮ ಆಫೀಸಿನಲ್ಲಿ ಇದನ್ನು ಹೇಳಿದಾಗ ಒಬ್ಬ ಹುಡುಗ, “ಸರ್, ಯೂಸರ್ ಎಜುಕೇಷನ್ ಪ್ರಾಬ್ಲಂ” ಅಂದ. ಬಳಸುವವರಿಗೆ ಗೊತ್ತಿಲ್ಲದ್ದೇ ತೊಂದರೆ ಅಂತ ಅರ್ಥ. ಒಳ್ಳೆಯ ಹುಡುಗ, ಚುರುಕು. ಅವನನ್ನು ಒಂದು ದಿನ ಅಕ್ಕನ ಜೊತೆ ಮಳೆಯಲ್ಲಿ ಕಳಿಸಬೇಕು ಅಂತಿದ್ದೇನೆ.

ಈ ವಿಷಯದಲ್ಲಿ ಒಂದು ಒಳ್ಳೆಯ ಸುದ್ದಿಯೂ ಉಂಟು. ಎರಡು ಸಲ ಜಮಾ ಆಗದ ಹಾಗೆ ಸರ್ವರಿನಲ್ಲಿ ಸೆಪ್ಟೆಂಬರ್ ಮೊದಲ ವಾರ ತಿದ್ದುಪಡಿ ಹಾಕಿದ್ದೇವೆ. ಆದರೂ ಹಳೆಯ ಕಪ್ಪು ಮಿಷನ್‌ಗಳನ್ನು ಗುಜರಿಗೆ ಹಾಕಬೇಡಿ. ಒಂಬತ್ತು ಇನ್ನೂ ಕೆಲಸ ಮಾಡುತ್ತಿವೆ, ಸ್ಟೋರ್ ರೂಮಿನಲ್ಲಿ ನಾನೇ ಚಾರ್ಜ್‌ಗೆ ಇಟ್ಟು ನೋಡಿದೆ. ಮುಂದಿನ ಮಳೆಗಾಲ ಕಳೆಯುವ ತನಕ ಬೇಕಾದವರು ಅದನ್ನೇ ಬಳಸಲಿ. ತರಬೇತಿ ಭಾನುವಾರ ಬೇಡ, ಕೆಲಸದ ದಿನವೇ ಇಡಿ. ಆ ದಿನದ ಕಮಿಷನ್ ತಪ್ಪಿದರೆ ಅದನ್ನು ತುಂಬಿಕೊಡಿ. ಹೊಸದೇನಾದರೂ ಕೊಳ್ಳುವ ಮೊದಲು ಇಬ್ಬರು ಸಂಗ್ರಾಹಕರನ್ನು ಸಭೆಗೆ ಕರೆದು ಕೂರಿಸಿ, ಮಾರುವವರನ್ನು ಅವರೇ ಪ್ರಶ್ನೆ ಕೇಳಲಿ. ನಾವು ಬೆವರುತ್ತೇವೆ, ಅಡ್ಡಿಯಿಲ್ಲ.

ಇದನ್ನು ಬಹಿರಂಗವಾಗಿ ಬರೆದದ್ದಕ್ಕೆ ಇನ್ನೊಂದು ಕಾರಣ ಉಂಟು. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಣ ಮಾಡಲು ಕೇಂದ್ರ ಸರಕಾರ 2022ರ ಜೂನಿನಲ್ಲಿ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಊರೂರಿನ ಸಂಘಕ್ಕೂ ಹೊಸ ಸಾಫ್ಟ್‌ವೇರ್, ಹೊಸ ಆ್ಯಪ್ ಬರುವ ಕಾಲ ಇದು. ಎಲ್ಲೆಲ್ಲಿ ಯಾವ ಅಕ್ಕ, ಯಾವ ಅಣ್ಣ ಸಂಜೆ ಹೊತ್ತು ಪರ್ಸ್ ತೆಗೆಯುತ್ತಿದ್ದಾರೋ. ಬೇರೆ ಸಂಘಗಳ ನಿರ್ದೇಶಕರು ಇದನ್ನು ಓದಿದರೆ ದಯವಿಟ್ಟು ಒಂದು ಸಲ ತಮ್ಮ ಜೂನ್ ತಿಂಗಳ ಪಿಗ್ಮಿ ಲಾಗ್ ತೆಗೆಸಿ ನೋಡಲಿ. ಒಂದೇ ಖಾತೆ, ಒಂದೇ ಮೊತ್ತ, ಎರಡು ನಿಮಿಷದೊಳಗೆ. ಹುಡುಕಲು ಕಾಲು ಗಂಟೆ ಸಾಕು.

ಈ ಪತ್ರದಿಂದ ನನ್ನ ಕಂಪನಿಯಲ್ಲಿ ನನಗೆ ಏನಾಗುತ್ತದೆ ಅಂತ ಹೆಂಡತಿ ಕೇಳಿದಳು. ನೋಡುವ. ಮಾಲೀಕರಿಗೆ ಬರೆಯುವ ಮೊದಲೇ ಹೇಳಿದ್ದೇನೆ, ಬೇಡ ಅಂದಿಲ್ಲ. ಬರೆ ಅಂತಲೂ ಅಂದಿಲ್ಲ.

ಮಾನ್ಯರೇ, ಈ ತಿಂಗಳ ಕೊನೆಗೆ ಮಹಾಸಭೆ ಉಂಟು. ಕಾರ್ಯಸೂಚಿಯಲ್ಲಿ ಈ ವಿಷಯ ಸೇರಿಸಬೇಕು ಅಂತ ಸದಸ್ಯನಾಗಿ ಲಿಖಿತ ಮನವಿ ಕೊಟ್ಟಿದ್ದೇನೆ, ಸ್ವೀಕೃತಿ ಸಹಿ ಪಡೆದಿದ್ದೇನೆ. ಗ್ರಾಹಕರ ಹೆಸರು ತೆಗೆದು, 38 ಜಮೆಗಳ ದಿನಾಂಕ, ಸಮಯ, ಮೊತ್ತ ಇರುವ ಎರಡು ಹಾಳೆ ಮಾಡಿಟ್ಟಿದ್ದೇನೆ. ಅಕ್ಕನ ಪುಸ್ತಕದ ಮೊದಲ ಪುಟದ ಫೋಟೋ ಪ್ರತಿಯೂ ಅದರ ಜೊತೆ ಉಂಟು. ಮಹಾಸಭೆಗೆ ಮೊದಲೇ ನೋಡುವುದಾದರೆ ಯಾವ ದಿನ ಬರಲಿ ಹೇಳಿ. ಭಾನುವಾರವಾದರೂ ಬರುತ್ತೇನೆ.

ಇತಿ,
ತಮ್ಮ ಸಂಘದ ಒಬ್ಬ ಸದಸ್ಯ,
ಆ್ಯಪ್ ಹಾಕಿಕೊಟ್ಟವನು